ಹಿಮದೂರಿನಲ್ಲಿ ಕುಬ್ಜ ಆಲ

ಅಮೆರಿಕದ ಮೊಂಟಾನಾ ರಾಜ್ಯದ ವೈಟ್‌ಫಿಶ್, ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಕ್ಕೆ ಹೆಸರಾದ ಊರು. ಅಂಥ ಚಳಿಯೂರಿನಲ್ಲಿ ಜೆರ್ರಿ ಮೈಸ್ಲಿಕ್ ಅವರು ನಮ್ಮ ಆಲ, ಅರಳಿಗಳ ಬಳಗದ ಫೈಕಸ್ ಮರಗಳನ್ನು ಬೋನ್ಸಾಯ್ ಮಾಡಿ ಮನೆಯೊಳಗೇ ಬೆಳೆಸಿದರು. ಆ ಅನುಭವದಿಂದ 2004ರಲ್ಲಿ ‘ಫೈಕಸ್: ದಿ ಎಕ್ಸಾಟಿಕ್ ಬೋನ್ಸಾಯ್’ ಪುಸ್ತಕ ಬರೆದರು.

ಪೈನ್, ಮೇಪಲ್, ಜುನಿಪರ್‌ಗಳಿಗೆ ಚಳಿಗಾಲದ ನಿದ್ದೆ ಬೇಕೇ ಬೇಕು. ಅವು ಹೊರಗಿದ್ದರೇ ಕ್ಷೇಮ. ಫೈಕಸ್, ಹುಣಸೆಯಂಥವು ಹಾಗಲ್ಲ. ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಅವನ್ನು ಒಳಗೆ ತರಬೇಕು. ಹೀಟರ್ ಇರುವ ಮನೆಯಲ್ಲಿ ಚಳಿಯ ಚಿಂತೆ ಅಲ್ಲಿಗೆ ಮುಗಿಯಿತು. ಉಳಿಯುವುದು ಬೆಳಕಿನ ಬರ. ಬೆಂಗಳೂರಿನ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ವೈಟ್‌ಫಿಶ್‌ನಲ್ಲಿ ಡಿಸೆಂಬರಿನ ಹಗಲು 8 ಗಂಟೆ ಚಿಲ್ಲರೆ. ಕಿಟಕಿಯಿಂದ ಬರುವ ಎಳೆಬಿಸಿಲು ನಮ್ಮ ಕಣ್ಣಿಗೆ ಸಾಕೆನಿಸಿದರೂ ಮರಕ್ಕೆ ಅರೆಹೊಟ್ಟೆ. ಗೆಣ್ಣುಗಳ ನಡುವಿನ ಅಂತರ ಉದ್ದವಾಗುತ್ತದೆ, ಹೊಸ ಎಲೆ ಅಗಲವಾಗುತ್ತದೆ, ಒಳಗಿನ ಸಣ್ಣ ರೆಂಬೆಗಳು ಒಣಗುತ್ತವೆ. ವರ್ಷಗಟ್ಟಲೆ ತಿದ್ದಿ ತಂದ ಆಕಾರ ಒಂದೇ ಚಳಿಗಾಲಕ್ಕೆ ಕೆಡುತ್ತದೆ.

ಮೈಸ್ಲಿಕ್ ಇದಕ್ಕೆ ಮೆಟಲ್ ಹ್ಯಾಲೈಡ್ ದೀಪಗಳನ್ನು ಬಳಸಿದರು. ಈಗ ಎಲ್‌ಇಡಿ ದೀಪಗಳಿವೆ. ಕರೆಂಟ್ ಕಡಿಮೆ, ಶಾಖವೂ ಕಡಿಮೆ. ದಿನಕ್ಕೆ 14ರಿಂದ 16 ಗಂಟೆ ಉರಿಸಿದರೆ ಮರ ಚಳಿಗಾಲದಲ್ಲೂ ಚಿಗುರುತ್ತದೆ. ಒಂಟಿ ಬಲ್ಬಾದರೆ ದೂರ ಎರಡು ಪಟ್ಟಾದಾಗ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದ ಎಲೆ ಸುಡದಷ್ಟು ಅಂತರ ಬಿಟ್ಟು ದೀಪವನ್ನು ಆದಷ್ಟೂ ಹತ್ತಿರ ತೂಗುಹಾಕಬೇಕು.

ಹೀಟರ್ ಹಾಕಿದ ಕೋಣೆಯ ಒಣಗಾಳಿಯಲ್ಲಿ ಬಿಳಲು ಇಳಿಯುವುದಿಲ್ಲ, ನುಸಿಯಂತೂ ಬೇಗ ಹೆಚ್ಚುತ್ತದೆ. ಎಲೆ ಮಗುಚಿ ನೋಡಿ: ಅಡಿಯಲ್ಲಿ ಸಣ್ಣ ಚುಕ್ಕೆ, ತೆಳುವಾದ ಬಲೆ ಕಂಡರೆ ಅದು ಬಂದಿದೆ ಎಂದೇ ಅರ್ಥ. ಮರವನ್ನು ಒಳಗೆ ತಂದ ಹೊಸತರಲ್ಲಿ ಎಲೆ ಉದುರುವುದು ಸಹಜ. ಗಾಬರಿಬಿದ್ದು ನೀರು ಸುರಿಯಬೇಡಿ. ಎಲೆಯಿಲ್ಲದ ಮರ ನೀರೆಳೆಯುವುದು ಕಡಿಮೆ, ಬೇರು ಕೊಳೆಯುತ್ತದೆ. ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಹಸಿರು ಕಂಡು ಹಾಲು ಒಸರಿದರೆ ಜೀವವಿದೆ, ಕಾಯಿರಿ.

ಕುಂಡ ಬದಲಿಸುವುದು, ಬೇರು ಕತ್ತರಿಸುವುದು, ಎಲೆ ತೆಗೆಯುವುದೆಲ್ಲ ಬೇಸಿಗೆಯ ಕೆಲಸ. ಅಲ್ಲಿನ ಜೂನ್, ಜುಲೈ ತಿಂಗಳ ಬಿಸಿಲಿನಲ್ಲಿ ಮರ ಹೊರಗಿದ್ದು ಮೈದುಂಬಿಕೊಂಡಿರುವಾಗ ಗಾಯ ಬೇಗ ಮಾಯುತ್ತದೆ.

ಶೀತದೇಶಗಳಲ್ಲಿ ನೆಲೆಸಿ, ಕುಂಡದ ಕರಿಬೇವು ಉಳಿಸಿಕೊಳ್ಳಲು ಒದ್ದಾಡುವ ಕನ್ನಡಿಗರಿಗೂ ಈ ಮಾತು ಹೊಂದುತ್ತದೆ. ಮರಕ್ಕೆ ಮನಸೋತು ಮನೆಗೆ ತರುವ ಮುನ್ನ, ಅದಕ್ಕೆ ಆರು ತಿಂಗಳ ಬೆಳಕನ್ನು ಎಲ್ಲಿಂದ ಕೊಡುತ್ತೀರಿ ಎಂದು ಮೊದಲು ತೀರ್ಮಾನಿಸಿ.