ಕಲ್ಲಿನೊಳಗಿನ ಎಲೆ ಯಾವ ಗಿಡದ್ದು?

ಸೂಪಾ ಕಾಡಿನ ಜರೀಗಿಡಗಳ ಎಲೆ ಮಗುಚಿದರೆ ಹಲವದರಲ್ಲಿ ಕಂದು ಚುಕ್ಕೆಗಳು ಕಾಣುತ್ತವೆ. ಅವು ಬೀಜಾಣುಗಳ ಗೊಂಚಲು. ಜರೀಗಿಡ ಬೀಜ ಬಿಡುವುದಿಲ್ಲ. ಅಳಿದುಹೋದ ಜಾತಿಯೊಂದರ ಎಲೆಯಚ್ಚು ಕಲ್ಲಿನಲ್ಲಿ ಸಿಕ್ಕಾಗ ವಿಜ್ಞಾನಿಗಳು ಹುಡುಕುವುದೂ ಇಂಥ ಗುರುತನ್ನೇ. ಎಲೆಯ ಆಕಾರ, ನರಗಳ ಜಾಲವನ್ನಷ್ಟೇ ನಂಬಿದರೆ ವಂಶವೇ ತಪ್ಪೀತು.

ಬಂಗಾಳದ ರಾಣಿಗಂಜ್ ಕಲ್ಲಿದ್ದಲು ಸೀಮೆ ಹಾಗೂ ಆಸ್ಟ್ರೇಲಿಯದ ಎಲೆಯಚ್ಚುಗಳಿಗೆ ಫ್ರಾನ್ಸಿನ ಅಡಾಲ್ಫ್ ಬ್ರೋನ್ಯಾರ್ 1828ರಲ್ಲಿ ‘ಗ್ಲಾಸಾಪ್ಟೆರಿಸ್’ ಎಂದು ಹೆಸರಿಟ್ಟರು. ಅರ್ಥ, ನಾಲಿಗೆಯಂಥ ಜರೀಗಿಡ. 1952ರಲ್ಲಿ ದಕ್ಷಿಣ ಆಫ್ರಿಕದ ಎಡ್ನಾ ಪ್ಲಮ್‌ಸ್ಟೆಡ್ ಎಲೆಗೇ ಅಂಟಿಕೊಂಡಿದ್ದ ಬೀಜಾಂಗಗಳನ್ನು ವಿವರಿಸಿದರು. ಅದು ಬೀಜ ಬಿಡುವ ಸಸ್ಯ! ಹೆಸರು ಹಾಗೆಯೇ ಉಳಿಯಿತು, ವಂಶ ಬದಲಾಯಿತು.

ಸೂಪಾ ಸುತ್ತಲಿನ ಧಾರವಾಡ ಶಿಲೆಗಳಲ್ಲಿ ಮಾತ್ರ ಇಂಥ ಎಲೆ ಸಿಗದು. ಅವು 250 ಕೋಟಿ ವರ್ಷಗಳಿಗೂ ಹಳೆಯವು. ಆಗ ನೆಲದ ಮೇಲೆ ಗಿಡಗಳೇ ಇರಲಿಲ್ಲ.