ಸಬ್‌ವೂಫರ್ ಮತ್ತು ಕೋಣೆಯ ಮಂದ್ರಧ್ವನಿಯ ತಿದ್ದುಪಡಿ

ಮಂದ್ರಧ್ವನಿಯ ತಿದ್ದುಪಡಿ ಎಂದರೆ ಸಬ್‌ವೂಫರಿಗೆ ಹೋಗುವ ವಿದ್ಯುತ್ ಸಂಕೇತವನ್ನು ಮೊದಲೇ ಗಣಿತದ ವಿಧಾನದಿಂದ ಮಾರ್ಪಡಿಸಿ, ಕೇಳುಗನು ಕುಳಿತಿರುವ ಜಾಗದಲ್ಲಿ ತಗ್ಗಿನ ಸ್ವರಗಳು ಧ್ವನಿಮುದ್ರಿಕೆಯಲ್ಲಿ ಇರುವಂತೆಯೇ ಕೇಳಿಸುವ ಹಾಗೆ ಮಾಡುವ ಕ್ರಮ. ಇದು ಸಂಕೇತ ಸಂಸ್ಕರಣೆಯ ಒಂದು ಅನ್ವಯ. ಸಾಮಾನ್ಯವಾಗಿ 20ರಿಂದ 120 ಹರ್ಟ್ಸ್‌ವರೆಗಿನ ಆವೃತ್ತಿಗಳಿಗೆ ಇದನ್ನು ಬಳಸುತ್ತಾರೆ. ಒಂದು ಸ್ವರ ಗುಂಯ್‌ಗುಡುತ್ತ ಮನೆಯನ್ನೇ ತುಂಬುವುದು, ಅದರ ಪಕ್ಕದ ಸ್ವರ ಕೇಳಿಸದೆಯೇ ಹೋಗುವುದು, ಇವು ಸಣ್ಣ ಕೋಣೆಗಳ ಸಾಮಾನ್ಯ ದೋಷಗಳು. ಇದನ್ನು ಸಬ್‌ವೂಫರಿನ ದೋಷವೆಂದು ಭಾವಿಸಿ ಇನ್ನೂ ದೊಡ್ಡದನ್ನು ಕೊಂಡು ತಂದವರಿಗೆ ಹಣ ವ್ಯರ್ಥವಾಗುವುದಲ್ಲದೆ ಗುಂಯ್‌ಗುಡುವಿಕೆಯೂ ಹೆಚ್ಚುತ್ತದೆ.

ಕೋಣೆಯ ಅನುನಾದ

ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಕರಾವಳಿಯಲ್ಲಿ ಸಾಮಾನ್ಯವಾದ 30 ಡಿಗ್ರಿಯಲ್ಲಿ ಸುಮಾರು 349 ಮೀಟರ್. ಹಾಗಾಗಿ 40 ಹರ್ಟ್ಸ್ ಸ್ವರದ ತರಂಗದೂರ ಒಂಬತ್ತು ಮೀಟರಿಗೆ ಸಮೀಪವಿರುತ್ತದೆ, ಅಂದರೆ ತರಂಗವು ಕೋಣೆಗಿಂತಲೂ ಉದ್ದವಾಗಿರುತ್ತದೆ. ಎದುರುಬದುರು ಗೋಡೆಗಳ ನಡುವಿನ ಅಂತರವು ಅರ್ಧ ತರಂಗದೂರಕ್ಕೆ ಸಮನಾದಾಗ ಹೋಗುವ ತರಂಗವೂ ಮರಳುವ ತರಂಗವೂ ಕೂಡಿ ನಿಂತ ಅಲೆಯೊಂದು ಏರ್ಪಡುತ್ತದೆ. ಆಯತಾಕಾರದ ಕೋಣೆಯಲ್ಲಿ ಇಂಥ ಅನುನಾದಗಳನ್ನು ಲೆಕ್ಕ ಹಾಕುವ ವಿಧಾನವನ್ನು ಲಾರ್ಡ್ ರೇಲೀ 1877–78ರಲ್ಲಿ ಪ್ರಕಟವಾದ ತನ್ನ ಶಬ್ದಶಾಸ್ತ್ರದ ಗ್ರಂಥದಲ್ಲಿ ವಿವರಿಸಿದ್ದಾನೆ. ಶಬ್ದವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಅನುನಾದದ ಆವೃತ್ತಿ ದೊರೆಯುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ, 30 ಡಿಗ್ರಿಯಲ್ಲಿ, ಇವು ಕ್ರಮವಾಗಿ ಸುಮಾರು 35, 44 ಮತ್ತು 58 ಹರ್ಟ್ಸ್.

ನಿಂತ ಅಲೆಯ ಒತ್ತಡವು ಗೋಡೆಗಳ ಬಳಿ ಗರಿಷ್ಠವಾಗಿದ್ದು, ಮೊದಲ ಅನುನಾದದಲ್ಲಿ ನಟ್ಟನಡುವೆ ಶೂನ್ಯಕ್ಕೆ ಇಳಿಯುತ್ತದೆ. ಮೂಲೆಯಲ್ಲಿ ನಿಂತವನಿಗೆ ಎದೆ ನಡುಗಿಸುವ ಸ್ವರ ನಡುಮನೆಯ ಕುರ್ಚಿಯಲ್ಲಿ ಕುಳಿತವನಿಗೆ ಕೇಳಿಸದೆ ಹೋಗುವುದು ಇದರಿಂದಲೇ. ಆವೃತ್ತಿ ಏರಿದಂತೆ ಅನುನಾದಗಳು ದಟ್ಟವಾಗಿ ಒಂದರೊಳಗೊಂದು ಬೆರೆತು, ಬಿಡಿಬಿಡಿಯಾಗಿ ಗುರುತಿಸಲಾಗದಂತಾಗುತ್ತವೆ. ಈ ಗಡಿಯನ್ನು ಜರ್ಮನ್ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಹೆಸರಿನಿಂದ ಕರೆಯುತ್ತಾರೆ. ಮೇಲಿನ ಕೋಣೆಯಲ್ಲಿ ಅನುರಣನದ ಕಾಲ ಅರ್ಧ ಸೆಕೆಂಡ್ ಇದ್ದರೆ ಗಡಿಯು 180 ಹರ್ಟ್ಸ್‌ನ ಆಸುಪಾಸಿನಲ್ಲಿ ಬೀಳುತ್ತದೆ. ವಿಜಯಪುರದ ಗೋಳಗುಮ್ಮಟದ ಒಳಾಂಗಣಕ್ಕೆ ಈ ತೊಡಕಿಲ್ಲ: ಸುಮಾರು 41 ಮೀಟರ್ ಅಗಲದ ಆ ಅಂಗಳದ ಮೊದಲ ಅನುನಾದವು ಕಿವಿಗೆ ನಿಲುಕದ 4 ಹರ್ಟ್ಸ್ ಆಸುಪಾಸಿನದು. ಅಲ್ಲಿ ಪ್ರತಿಧ್ವನಿಯದೇ ಆಳ್ವಿಕೆ.

ಕರಾವಳಿಯ ಮನೆಗಳು

ಅಂಕೋಲಾದ ಕೇಣಿಯಂತಹ ಕಡಲಂಚಿನ ಊರುಗಳಲ್ಲಿ ಚಿರೆಕಲ್ಲಿನ ಗೋಡೆ, ಹಂಚಿನ ಮಾಡು ಇರುವ ಹಳೆಯ ಮನೆಗಳೂ ಸಿಮೆಂಟಿನ ತಾರಸಿ ಮನೆಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ಹಂಚುಗಳು ಹಗುರ, ಅವುಗಳ ನಡುವೆ ಸಂದುಗಳೂ ಇವೆ. ಆದುದರಿಂದ ಮಂದ್ರಧ್ವನಿಯ ಬಹುಪಾಲು ಮೇಲಕ್ಕೆ ಸೋರಿಹೋಗುತ್ತದೆ. ಲಂಬ ದಿಕ್ಕಿನ ಅನುನಾದ ದುರ್ಬಲವಾಗುತ್ತದೆ. ತಾರಸಿ ಮನೆಯಲ್ಲಿ ಆರೂ ಕಡೆ ಗಟ್ಟಿ ಮೇಲ್ಮೈಗಳಿರುವುದರಿಂದ ಶಬ್ದಶಕ್ತಿ ಒಳಗೇ ಉಳಿಯುತ್ತದೆ. ಪರದೆ, ಚಾಪೆ, ತೆಳುವಾದ ಫೋಮ್ ಹಲಗೆಗಳು ಈ ಆವೃತ್ತಿಗಳನ್ನು ಹೀರಲಾರವು. ತರಂಗದೂರಕ್ಕೆ ಹೋಲಿಸಿದರೆ ಅವುಗಳ ದಪ್ಪ ಲೆಕ್ಕಕ್ಕೇ ಇಲ್ಲ. ಅಂಕೋಲಾ ಸೀಮೆಯ ಹಾಲಕ್ಕಿ ಒಕ್ಕಲಿಗರ ಗುಮಟೆಯಲ್ಲಿಯೂ ಇದೇ ಅನುನಾದದ ತತ್ವವಿದೆ. ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ ಬಿಗಿದು, ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಬದಲಿಸುತ್ತಾರೆ. ಆದರೆ ಬಯಲಿನಲ್ಲಿ ಬಾರಿಸಿದ ಗುಮಟೆಯ ಧ್ವನಿಮುದ್ರಿಕೆಯನ್ನು ತಾರಸಿ ಮನೆಯೊಳಗೆ ಕೇಳುವಾಗ ಗಡಿಗೆಯ ನಾದಕ್ಕೆ ಕೋಣೆಯ ನಾದವೂ ಸೇರಿಕೊಳ್ಳುತ್ತದೆ.

ಅಳತೆ ಮತ್ತು ತಿದ್ದುಪಡಿ

ಕಿವಿಯನ್ನೇ ನಂಬಿ ತಿದ್ದಲು ಹೊರಟರೆ ಗುರಿ ತಪ್ಪುವುದೇ ಹೆಚ್ಚು. ಕುಳಿತುಕೊಳ್ಳುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಮೈಕ್ರೊಫೋನ್ ಇರಿಸಿ, ತಗ್ಗಿನಿಂದ ಮೇಲಕ್ಕೆ ನಿಧಾನವಾಗಿ ಏರುವ ಸ್ವರವನ್ನು ನುಡಿಸಿ ದಾಖಲಿಸುತ್ತಾರೆ. ಈ ವಿಧಾನಕ್ಕೆ ಇಂದಿನ ರೂಪವನ್ನು ಇಟಲಿಯ ಆಂಜೆಲೊ ಫರೀನಾ 2000ದಲ್ಲಿ ಮಂಡಿಸಿದರು. ರೂಮ್ ಈಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶವು ಈ ದಾಖಲೆಯಿಂದ ಆವೃತ್ತಿಯ ರೇಖೆಯನ್ನೂ, ಪ್ರತಿಯೊಂದು ಸ್ವರವೂ ಅಡಗಲು ಹಿಡಿಯುವ ಕಾಲವನ್ನೂ ತೋರಿಸುತ್ತದೆ.

ರೇಖೆಯಲ್ಲಿ ಕಾಣುವ ಶಿಖರಗಳನ್ನು ಪ್ಯಾರಾಮೆಟ್ರಿಕ್ ಈಕ್ವಲೈಸರ್‌ನಿಂದ ಕತ್ತರಿಸಬಹುದು. ಫಿಲ್ಟರಿನ ಆವೃತ್ತಿಯೂ ಅಗಲವೂ ಅನುನಾದಕ್ಕೆ ಸರಿಯಾಗಿ ಹೊಂದಿದರೆ ಶಿಖರ ತಗ್ಗುವುದು ಮಾತ್ರವಲ್ಲ, ಸ್ವರವು ಎಳೆದುಕೊಂಡು ಉಳಿಯುವ ಕಾಲವೂ ಕಡಿಮೆಯಾಗುತ್ತದೆ. ಕಣಿವೆಗಳ ಮಾತು ಬೇರೆ. ತರಂಗಗಳು ಪರಸ್ಪರ ರದ್ದಾಗುವ ಜಾಗದಲ್ಲಿ ಸಂಕೇತವನ್ನು ಎಷ್ಟು ಏರಿಸಿದರೂ ರದ್ದು ಮಾಡುವ ತರಂಗವೂ ಅಷ್ಟೇ ಏರುತ್ತದೆ. 12 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ಸುಮಾರು ಹದಿನಾರು ಪಟ್ಟು ಶಕ್ತಿ ಒದಗಿಸಬೇಕು, ಸ್ಪೀಕರಿನ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಹೀಗೆ ಮಾಡಿ ವಾಯ್ಸ್‌ಕಾಯಿಲ್ ಸುಟ್ಟುಕೊಳ್ಳುವವರೂ ಉಂಟು. ಕಣಿವೆಗೆ ಇರುವ ಮದ್ದು ಸಬ್‌ವೂಫರನ್ನು ಅಥವಾ ಕುರ್ಚಿಯನ್ನು ಸರಿಸುವುದೇ.

ಇನ್ನೊಂದು ಮುಖ್ಯ ಸಂಗತಿ ವಿಳಂಬ. ಶಬ್ದ ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ಸಬ್‌ವೂಫರ್ ಮತ್ತು ಮುಖ್ಯ ಸ್ಪೀಕರುಗಳು 80 ಹರ್ಟ್ಸ್‌ನಲ್ಲಿ ಕೂಡುವಾಗ, ಎರಡರ ದಾರಿಯಲ್ಲಿ ಸುಮಾರು 2.2 ಮೀಟರ್ ವ್ಯತ್ಯಾಸವಿದ್ದರೆ ಅವು ಅರ್ಧ ಆವರ್ತದಷ್ಟು ಹಿಂದುಮುಂದಾಗಿ ಒಂದನ್ನೊಂದು ಅಳಿಸುತ್ತವೆ. ಸಮೀಪದಲ್ಲಿರುವುದಕ್ಕೆ ಅಷ್ಟು ವಿಳಂಬ ಕೊಟ್ಟರೆ ದೋಷ ನಿವಾರಣೆಯಾಗುತ್ತದೆ.

ಒಂದಕ್ಕಿಂತ ಹೆಚ್ಚು ಸಬ್‌ವೂಫರ್

ಒಬ್ಬನ ಜಾಗಕ್ಕೆ ತಿದ್ದಿದ ರೇಖೆ ಪಕ್ಕದವನಿಗೆ ಹೊಂದುವುದಿಲ್ಲ. ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ಮತ್ತು ಆಲನ್ ಡೆವಂಟಿಯರ್ 2006ರಲ್ಲಿ ಪ್ರಕಟಿಸಿದ ಅಧ್ಯಯನವು ಹಲವು ಸಬ್‌ವೂಫರುಗಳ ಮಟ್ಟ, ವಿಳಂಬ, ಫಿಲ್ಟರುಗಳನ್ನು ಬೇರೆಬೇರೆಯಾಗಿ ಹೊಂದಿಸಿ ಎಲ್ಲ ಆಸನಗಳ ನಡುವಿನ ವ್ಯತ್ಯಾಸವನ್ನು ತಗ್ಗಿಸುವ ದಾರಿ ತೋರಿಸಿತು. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದನ್ನು ಇಡುವುದು ಮನೆಗಳಲ್ಲಿ ಸಾಧ್ಯವಾದ ಸರಳ ಕ್ರಮ.

ನೆರೆಮನೆ

ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ವಿಧಿಸಿವೆ. ಈ ಅಳತೆ ‘ಎ’ ತೂಕದ್ದು. ಅದು 50 ಹರ್ಟ್ಸ್ ಶಬ್ದವನ್ನು ಸುಮಾರು 30 ಡೆಸಿಬೆಲ್ ಕಡಿಮೆಯಾಗಿ ಎಣಿಸುತ್ತದೆ. ಆದ್ದರಿಂದ ಮಾಪಕ ಮಿತಿಯೊಳಗೇ ಇದ್ದರೂ ಪಕ್ಕದ ಮನೆಯ ಕಿಟಕಿಯ ಗಾಜು ಅದುರುತ್ತಿರಬಹುದು. ಅನುನಾದದ ಶಿಖರಗಳನ್ನು ಕತ್ತರಿಸಿದರೆ ಗೋಡೆ ದಾಟುವ ಶಬ್ದವೂ ಅದೇ ಆವೃತ್ತಿಗಳಲ್ಲಿ ಅಷ್ಟರಮಟ್ಟಿಗೆ ಇಳಿಯುತ್ತದೆ.