ಇಂಗ್ಲಿಷ್ ನಿಬಂಧಕ್ಕೊಬ್ಬ ಮಾಸ್ತರರು ಬೇಕು

ಮಕ್ಕಳಿಗೆ ಗಣಿತ ಹೇಳಿಕೊಡುವ ಮಾಸ್ತರರನ್ನು ಹುಡುಕುವದು ಬೆಳಗಾವಿಯಲ್ಲಿ ಕಠಿಣವಾದ ಕೆಲಸವಲ್ಲ. ಟಿಳಕವಾಡಿಯ ಯಾವ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದರೂ ಗಣಿತ, ಪದಾರ್ಥವಿಜ್ಞಾನ, ರಸಾಯನಶಾಸ್ತ್ರ, ಲೆಕ್ಕಶಾಸ್ತ್ರಗಳ ಶಿಕವಣಿಯ ಫಲಕಗಳು ಗೇಟುಗಳ ಮೇಲೆ ತೂಗುತ್ತಿರುವದನ್ನು ವಾಚಕರು ಕಂಡಿರಬಹುದು. ಮೂರು ತಿಂಗಳಲ್ಲಿ ಇಂಗ್ಲಿಷ್ ಮಾತನಾಡಿಸುವೆವೆಂದು ಸಾರುವ ಫಲಕಗಳೂ ಉಂಟು. ಆದರೆ ಹತ್ತನೆಯ ಇಯತ್ತೆಯನ್ನು ದಾಟಿದ ಮಗನಿಗೋ ಮಗಳಿಗೋ ಒಂದು ವಿಷಯವನ್ನು ಕ್ರಮವಾಗಿ ವಿಚಾರಿಸಿ, ಓದುವವನ ಮನಸ್ಸು ಒಪ್ಪುವಂತೆ ಇಂಗ್ಲಿಷಿನಲ್ಲಿ ಎರಡು ಪುಟ ಬರೆಯಲು ಕಲಿಸತಕ್ಕವರು ಯಾರೆಂದು ಕೇಳಿ ನೋಡಿರಿ. ಕೇಳಿಸಿಕೊಂಡವರು ಮೊದಲು ನಿಮ್ಮ ಮುಖವನ್ನು ನೋಡುವರು; ಆ ಮೇಲೆ ಯಾವುದಾದರೊಂದು ವ್ಯಾಕರಣದ ಪುಸ್ತಕದ ಹೆಸರನ್ನು ಹೇಳುವರು.

ವ್ಯಾಕರಣವು ಬೇಡವೆಂದು ನಾವು ಹೇಳುವದಿಲ್ಲ. ರೆನ್ ಮತ್ತು ಮಾರ್ಟಿನ್ ಎಂಬವರ ವ್ಯಾಕರಣವು ನಮ್ಮ ಅಜ್ಜಂದಿರ ಕಾಲದಿಂದ ಮನೆಮನೆಗಳಲ್ಲಿದೆ. ಈ ಭಾಗದ ಮರಾಠಿ ಮನೆಗಳಲ್ಲಿ ತರ್ಖಡಕರರ ಭಾಷಾಂತರ ಪಾಠಮಾಲೆಯು ಹಾಗೆಯೇ ಇತ್ತು. ವಾಕ್ಯವನ್ನು ತಪ್ಪಿಲ್ಲದೆ ಕಟ್ಟಲು ಅವು ಸಾಕು. ತಪ್ಪಿಲ್ಲದ ಇಪ್ಪತ್ತು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದರೆ ಅದು ನಿಬಂಧವಾಗುವದಿಲ್ಲವೆಂಬ ಸಂಗತಿಯು ಮಾತ್ರ ಪಾಲಕರಿಗೆ ಬಹಳ ತಡವಾಗಿ ತಿಳಿಯುತ್ತದೆ. ಮಕ್ಕಳು ಶಾಲೆಯ ಪರೀಕ್ಷೆಯನ್ನು ಬಾಯಿಪಾಠದ ಬಲದಿಂದಲೇ ದಾಟಿರುತ್ತಾರೆ. ಮುಂದಿನ ಪರೀಕ್ಷೆಗಳು ಬಾಯಿಪಾಠಕ್ಕೆ ಜಗ್ಗುವವಲ್ಲ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ನಿಬಂಧದ್ದೇ ಬೇರೆ ಪತ್ರಿಕೆಯಿದ್ದು ಅದಕ್ಕೆ 250 ಅಂಕಗಳಿವೆ. ಮೂರು ತಾಸಿನಲ್ಲಿ ಎರಡು ನಿಬಂಧಗಳನ್ನು, ಒಂದೊಂದೂ ಸಾವಿರ ಶಬ್ದಕ್ಕೆ ಕಡಿಮೆಯಿಲ್ಲದಂತೆ ಬರೆಯಬೇಕು. (ಇದನ್ನು ಕನ್ನಡದಲ್ಲಿಯೂ ಬರೆಯಬಹುದೆಂಬದನ್ನು ನಮ್ಮಲ್ಲಿ ಎಷ್ಟೋ ಜನರು ಅರಿಯರು.) ಅಮೇರಿಕೆಯ ಪ್ರೌಢಶಾಲೆಗಳಲ್ಲಿ ಕಾಲೇಜ್ ಬೋರ್ಡಿನವರು ನಡೆಸುವ ಮೇಲ್ಮಟ್ಟದ ಇಂಗ್ಲಿಷ್ ಪರೀಕ್ಷೆಯಲ್ಲಿ ಮೂರು ನಿಬಂಧಗಳಿವೆ: ಕೊಟ್ಟ ಹಲವು ಆಧಾರಗಳನ್ನು ಕೂಡಿಸಿ ಬರೆಯುವದೊಂದು, ಬೇರೊಬ್ಬರ ಲೇಖನವು ಓದುಗನನ್ನು ಯಾವ ಉಪಾಯದಿಂದ ಒಲಿಸುತ್ತದೆಂದು ಬಿಡಿಸಿ ತೋರಿಸುವದೊಂದು, ಸ್ವಂತ ವಾದವನ್ನು ಮಂಡಿಸುವದೊಂದು. ಪರದೇಶಕ್ಕೆ ಹೋಗುವ ವಿಚಾರವಿಲ್ಲದವರೂ ಈ ಮೂರು ಬಗೆಗಳನ್ನು ನೆನಪಿಟ್ಟುಕೊಳ್ಳುವದು ಒಳ್ಳೆಯದು; ಮಾಸ್ತರರನ್ನು ಪರೀಕ್ಷಿಸಲು ಇವು ಉಪಯೋಗಕ್ಕೆ ಬರುತ್ತವೆ.

ಇಂಗ್ಲಿಷರು ರೆಟರಿಕ್ ಎಂದು ಕರೆಯುವ ಈ ವಿದ್ಯೆಯನ್ನು ನಮ್ಮ ಪಂಡಿತರು ಅಲಂಕಾರಶಾಸ್ತ್ರವೆಂದು ಭಾಷಾಂತರಿಸುವ ವಾಡಿಕೆಯುಂಟು. ಅದರಿಂದ ಒಂದು ತಪ್ಪು ತಿಳುವಳಿಕೆಯು ಹುಟ್ಟಿದೆ. ದೊಡ್ಡ ದೊಡ್ಡ ಶಬ್ದಗಳನ್ನೂ ಉಪಮೆಗಳನ್ನೂ ಪೋಣಿಸುವದೇ ಒಳ್ಳೆಯ ಬರವಣಿಗೆಯೆಂದು ಮಕ್ಕಳು ನಂಬುತ್ತಾರೆ. ಕೆಲವು ಮಾಸ್ತರರೂ ನಂಬಿಸುತ್ತಾರೆ. ಗ್ರೀಕರ ಅರಿಸ್ಟಾಟಲನು ಈ ಶಾಸ್ತ್ರವನ್ನು ಬರೆದಾಗ ಕೇಳುವವನನ್ನು ಒಪ್ಪಿಸುವದಕ್ಕೆ ಮೂರು ಸಾಧನಗಳನ್ನು ಹೇಳಿದನು: ಮಾತನಾಡುವವನ ನಡತೆಯ ಮೇಲಿನ ವಿಶ್ವಾಸ, ಕೇಳುವವನ ಭಾವನೆ, ಮಾತಿನಲ್ಲಿರುವ ಯುಕ್ತಿ. ಶಬ್ದಗಳ ಶೃಂಗಾರವು ಇವಕ್ಕೆ ಅಡಿಯಾಳು. ನಮ್ಮ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನೇ ನೋಡಿದರೂ ಅದರ ಮೊದಲನೆಯ ಪರಿಚ್ಛೇದವು ದೋಷಗಳ ವಿಚಾರಕ್ಕೆ ಮೀಸಲಾಗಿದೆ, ಅಲಂಕಾರಗಳು ಬರುವದು ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ. ಕಲಿಸುವ ಕ್ರಮವು ಆಗಲೇ ತಿಳಿದಿತ್ತೆಂದು ಇದರಿಂದ ಕಾಣುತ್ತದೆ.

ನಾವು ಬಲ್ಲ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳುವೆವು. ಖಾನಾಪುರ ತಾಲೂಕಿನ ಒಂದು ಹಳ್ಳಿಯ ಹುಡುಗಿ. ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮ. ತಂದೆಯದು ಸಣ್ಣ ಕಿರಾಣಿ ಅಂಗಡಿ. ಕಾನೂನು ಓದಿ ವಕೀಲಳಾಗಬೇಕೆಂಬ ಹಂಬಲದಿಂದ ದಿನಾಲು ಬಸ್ಸಿನಲ್ಲಿ ಬೆಳಗಾವಿಗೆ ಬಂದು ಪದವಿಪೂರ್ವ ತರಗತಿಯನ್ನು ಸೇರಿದ್ದಳು. ಟಿಳಕವಾಡಿಯಲ್ಲಿಯೇ 1939ರಿಂದ ನಡೆದುಬಂದಿರುವ ರಾಜಾ ಲಖಮಗೌಡ ಕಾನೂನು ಕಾಲೇಜನ್ನು ಅವಳು ಹೊರಗಿನಿಂದ ನೋಡಿದ್ದಳು. ಇಂಗ್ಲಿಷ್ ಬರವಣಿಗೆಯು ಅಡ್ಡಿಯಾದೀತೆಂದು ತಂದೆಯು ಒಂದು ಶಿಕವಣಿ ವರ್ಗಕ್ಕೆ ಹಾಕಿದನು. ಅಲ್ಲಿ ಆರು ತಿಂಗಳಲ್ಲಿ ಹತ್ತು ನಿಬಂಧಗಳನ್ನು ಬರೆಯಿಸಿಕೊಟ್ಟರು. ‘ನೀರಿನ ಮಹತ್ವ’, ‘ಶಿಸ್ತಿನ ಮಹತ್ವ’, ‘ವೃತ್ತಪತ್ರಿಕೆಗಳ ಮಹತ್ವ’ — ಹೀಗೆ ಎಲ್ಲದಕ್ಕೂ ಮಹತ್ವವೇ. ಹುಡುಗಿಯು ಹತ್ತನ್ನೂ ಚಾಚೂ ತಪ್ಪದೆ ಒಪ್ಪಿಸಬಲ್ಲವಳಾದಳು. ಹನ್ನೊಂದನೆಯ ವಿಷಯವನ್ನು ಕೊಟ್ಟ ದಿನ ಒಂದು ಸಾಲೂ ಹೊರಡಲಿಲ್ಲ. ಹಣವು ಹೋದದ್ದು ಒಂದು ಮಾತು. ತಾನು ದಡ್ಡಳೆಂದು ಅವಳು ನಿಶ್ಚಯಿಸಿಕೊಂಡದ್ದು ಅದಕ್ಕಿಂತ ದೊಡ್ಡ ಮಾತು. ಕಾನೂನಿನ ವಿಚಾರವನ್ನು ಬಿಟ್ಟು ಅಂಗಡಿಯಲ್ಲಿ ಕೂಡ್ರುವೆನೆಂದು ಅವಳು ತಂದೆಗೆ ಹೇಳಿದಳು.

ಆಮೇಲೆ ಒಬ್ಬ ನೆಂಟರ ಹೇಳಿಕೆಯಿಂದ ಟಿಳಕವಾಡಿಯಲ್ಲಿರುವ, ಕಾಲೇಜಿನ ಕೆಲಸದಿಂದ ನಿವೃತ್ತರಾದ ಒಬ್ಬ ಬಾಯಿಯವರ ಬಳಿಗೆ ತಂದೆಮಗಳು ಹೋದರು. ಫಲಕವಿಲ್ಲದ ಮನೆ. ಅವರು ಹುಡುಗಿಯ ನೀರಿನ ನಿಬಂಧವನ್ನು ತರಿಸಿಕೊಂಡು ಮೊದಲನೆಯ ವಾಕ್ಯವನ್ನು ಓದಿದರು. ನೀರು ಮನುಷ್ಯಜೀವನಕ್ಕೆ ಅತ್ಯಾವಶ್ಯಕವಾದ ವಸ್ತುವೆಂದು ಅಲ್ಲಿ ಬರೆದಿತ್ತು.

“ಇದನ್ನು ಅಲ್ಲವೆನ್ನುವವರು ಯಾರಾದರೂ ಇದ್ದಾರೆಯೇ, ತಂಗೀ?” ಎಂದು ಕೇಳಿದರು.

“ಇಲ್ಲ ಬಾಯಿಯವರೇ.”

“ಹಾಗಾದರೆ ಇದನ್ನು ಯಾರಿಗೆ ಹೇಳಲಿಕ್ಕೆ ಬರೆದೆ?”

ಹುಡುಗಿಯು ಸುಮ್ಮನಾದಳು. ಮಲಪ್ರಭೆಯು ಹುಟ್ಟುವ ಕಣಕುಂಬಿಯು ಇವಳ ತಾಲೂಕಿನಲ್ಲಿಯೇ ಇದೆ. ಮಹದಾಯಿಯ ನೀರಿನ ವ್ಯಾಜ್ಯದಲ್ಲಿ ನ್ಯಾಯಾಧಿಕರಣವು 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿಕೊಟ್ಟಿತು, ಅದರಲ್ಲಿ 3.90 ಟಿಎಂಸಿ ಕಳಸಾ ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗತಕ್ಕದ್ದು. ಹುಬ್ಬಳ್ಳಿ ಧಾರವಾಡದವರು ಕುಡಿಯುವ ನೀರಿಗಾಗಿ ಇದನ್ನು ಕಾಯುತ್ತಿದ್ದಾರೆ, ಗೋವೆಯವರು ವಿರೋಧಿಸುತ್ತಾರೆ, ಅಡವಿಯ ಗತಿಯೇನೆಂದು ಖಾನಾಪುರದ ಕಡೆಯಲ್ಲಿಯೇ ಕೇಳುವವರಿದ್ದಾರೆ. ಬಾಯಿಯವರು ಹುಡುಗಿಗೆ ಮೊದಲು ಹುಬ್ಬಳ್ಳಿಯ ಒಬ್ಬ ಗೃಹಿಣಿಯಾಗಿ ನೀರನ್ನು ಕೇಳಿ ಒಂದು ಪುಟ ಬರೆಯಲು ಹೇಳಿದರು. ಮುಂದಿನ ವಾರ ಕಣಕುಂಬಿಯ ಒಬ್ಬ ರೈತನಾಗಿ, ಆ ಗೃಹಿಣಿಗೆ ಉತ್ತರವನ್ನು. ಮೂರನೆಯ ವಾರ ತನ್ನ ಮಾತನ್ನು. ಮೊದಲೆರಡನ್ನು ಬರೆಯುವಾಗ ಅವಳ ಇಂಗ್ಲಿಷು ಕುಂಟುತ್ತಿತ್ತು. ಕ್ರಿಯಾಪದಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಬಾಯಿಯವರು ಅವನ್ನು ತಿದ್ದಲಿಲ್ಲ. ರೈತನ ಉತ್ತರದಲ್ಲಿ ಗೃಹಿಣಿಯ ಯಾವ ಮಾತಿಗೆ ಉತ್ತರವಿಲ್ಲವೆಂಬದನ್ನು ಮಾತ್ರ ಗುರುತು ಹಾಕಿದರು. ಮೂರನೆಯದನ್ನು ನಾಲ್ಕು ಸಲ ಬರೆಯಿಸಿ, ನಾಲ್ಕನೆಯ ಸಲ ಕ್ರಿಯಾಪದಗಳ ಗೋಜಿಗೆ ಹೋದರು. ಆ ಹೊತ್ತಿಗೆ ಅವುಗಳಲ್ಲಿ ಅರ್ಧದಷ್ಟು ತಾವಾಗಿಯೇ ಸರಿಹೋಗಿದ್ದವು.

ರೆಟರಿಕ್ ಎಂದರೆ ಇದು. ಮಾಸ್ತರರನ್ನು ಹುಡುಕುವ ಪಾಲಕರು ಕೇಳಬೇಕಾದದ್ದು ಅವರ ಪದವಿಯನ್ನಾಗಲಿ, ಹಿಂದಿನ ವಿದ್ಯಾರ್ಥಿಗಳ ಅಂಕಗಳನ್ನಾಗಲಿ ಅಷ್ಟಾಗಿ ಅಲ್ಲ. ಮಗುವು ಹಿಂದೆ ಬರೆದ ಒಂದು ನಿಬಂಧವನ್ನು ಕೈಯಲ್ಲಿ ಹಿಡಿದು ಹೋಗಿ, ಇದನ್ನು ನೋಡಿ ನಾಲ್ಕು ಮಾತು ಹೇಳಿರಿ ಎಂದು ಬಿನ್ನವಿಸಬೇಕು. ಕೆಂಪು ಮಸಿಯಿಂದ ಕಾಗುಣಿತವನ್ನಷ್ಟೇ ತಿದ್ದಿ ಹಿಂದಕ್ಕೆ ಕೊಟ್ಟರೆ ಒಳ್ಳೇ ಕರಡು ತಿದ್ದುವವರು ದೊರೆತರೆಂದು ತಿಳಿಯಬೇಕು. ತಾವೇ ಹೊಸದಾಗಿ ಬರೆದುಕೊಡುವೆನೆಂದರೆ ಚಹಾ ಕುಡಿದು ಎದ್ದುಬರಬೇಕು. ಮಗುವನ್ನು ಪ್ರಶ್ನೆ ಕೇಳತೊಡಗಿದರೆ — ನೀನು ಹೇಳಬೇಕೆಂದದ್ದು ಇದೆಯೋ, ಇದಕ್ಕೆ ಆಧಾರವೇನು, ಈ ಎರಡನೆಯ ಪರಿಚ್ಛೇದವಿಲ್ಲದಿದ್ದರೆ ಏನಾದೀತು — ಅಂಥವರಲ್ಲಿ ಒಂದು ತಿಂಗಳ ಮಟ್ಟಿಗೆ ಕಳಿಸಿ ನೋಡಲು ಅಡ್ಡಿಯಿಲ್ಲ. ತಿಂಗಳಿನ ಕೊನೆಗೆ ವಹಿಯನ್ನು ತೆರೆದು ನೋಡಿರಿ. ಒಂದೇ ವಿಷಯವನ್ನು ಮಗುವು ಎರಡು ಮೂರು ಸಲ ಬರೆದಿರಬೇಕು. ಎಂಟು ವಿಷಯಗಳ ಮೇಲೆ ಎಂಟು ನಿಬಂಧಗಳಿದ್ದರೆ ವಹಿಯು ತುಂಬಿದೆ, ಅಷ್ಟೆ.

ಬರೆದು ತಿದ್ದಿಸಿಕೊಳ್ಳುವ ಈ ಪದ್ಧತಿಯು ಹೊಸತೇನಲ್ಲ. ನಮ್ಮ ನಿಪ್ಪಾಣಿಯ ಆಚೆಗಿರುವ ಕಾಗಲದಲ್ಲಿಯೂ ಕೊಲ್ಲಾಪುರದಲ್ಲಿಯೂ ಓದಿದ ಗೋಪಾಲ ಕೃಷ್ಣ ಗೋಖಲೆಯವರು ಪುಣೆಯಲ್ಲಿ ತರುಣ ಶಿಕ್ಷಕರಾಗಿದ್ದಾಗ ಸಾರ್ವಜನಿಕ ಸಭೆಯ ತ್ರೈಮಾಸಿಕದ ಕೆಲಸವನ್ನು ನೋಡುತ್ತಿದ್ದರು. ಅವರು ಬರೆದದ್ದನ್ನು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಪರಿಶೀಲಿಸಿ ತಿದ್ದಿಸುತ್ತಿದ್ದರು. ಅಂಕಿಸಂಖ್ಯೆಗಳಿಂದ ತುಂಬಿದ, ಎದುರಾಳಿಯೂ ತಲೆದೂಗುವಂಥ ಗೋಖಲೆಯವರ ಆಯವ್ಯಯದ ಭಾಷಣಗಳಿಗೆ ಆ ವರ್ಷಗಳ ದುಡಿತವೇ ತಳಹದಿ. ಗೋಖಲೆಯವರ ಕಾಲಾನಂತರ ಅವರ ಸಂಸ್ಥೆಯ ಅಧ್ಯಕ್ಷರಾದ ಶ್ರೀನಿವಾಸ ಶಾಸ್ತ್ರಿಗಳಾದರೋ ಮೊದಲು ಮದ್ರಾಸಿನ ಶಾಲಾ ಮಾಸ್ತರರು.

ಇಂಥವರು ಎಲ್ಲಿ ಸಿಕ್ಕುವರೆಂದರೆ, ಬೆಳಗಾವಿಯು ಮಾಸ್ತರರ ಊರು. ಏಳು ಮಂದಿ ಶಿಕ್ಷಕರು ಕೂಡಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಊರಿದು. 1933ರಿಂದ ಲಿಂಗರಾಜ ಕಾಲೇಜು ಇಲ್ಲಿದೆ. ಟಿಳಕವಾಡಿಯಲ್ಲಿ ರಾಣಿ ಪಾರ್ವತಿದೇವಿ ಕಾಲೇಜು ಇದೆ. ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಈ ಬಡಾವಣೆಯಲ್ಲಿ ಸಾಕಷ್ಟು ಜನರಿದ್ದಾರೆ. ಅವರಲ್ಲಿ ಹಲವರು ಜಾಹೀರಾತು ಕೊಡುವದಿಲ್ಲ. ಕೇಳಿದರೆ ಮೊದಲು ಒಲ್ಲೆನೆನ್ನುವರು. ಇಬ್ಬರು ಮೂವರು ಮಕ್ಕಳನ್ನು ಕೂಡಿಸಿ ವಾರಕ್ಕೊಂದು ಸಲ ಎಂದರೆ ಒಪ್ಪುವದುಂಟು. ವಾಚನಾಲಯದಲ್ಲಿ ಬೆಳಗಿನ ಇಂಗ್ಲಿಷ್ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುವ ಹಿರಿಯರನ್ನು ಮಾತನಾಡಿಸಿ ನೋಡಿರಿ. ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಓದುವ ತರುಣರೂ ಆಗಬಹುದು. ಅವರಿಗೆ ಹಣದ ಅವಶ್ಯಕತೆಯುಂಟು, ತಾವು ಕಷ್ಟಪಟ್ಟು ಕಲಿತದ್ದರ ನೆನಪು ಹಸಿಯಾಗಿರುತ್ತದೆ. ವಕೀಲರಲ್ಲಿಯೂ ಒಳ್ಳೆಯ ಗುರುಗಳುಂಟು, ಆದರೆ ಅವರಿಗೆ ಪುರಸತ್ತಿಲ್ಲ. ದೂರದ ಊರಿನವರು ಗಣಕಯಂತ್ರದ ಪರದೆಯ ಮೇಲೆ ಪಾಠ ಹೇಳುವ ಅನುಕೂಲವೂ ಈಗ ಆಗಿದೆ. ಮಳೆಗಾಲದಲ್ಲಿ ಖಾನಾಪುರದಿಂದ ಬರುವ ಮಕ್ಕಳಿಗೆ ಅದು ಚಿಕ್ಕ ಉಪಕಾರವಲ್ಲ. ಹೆಣ್ಣುಮಕ್ಕಳಿದ್ದರೆ ಮಾಸ್ತರರ ಮನೆಯಲ್ಲಿ ಹೆಂಗಸರಿರುವರೋ, ಪಾಠವು ಊರಿನ ಬಸ್ಸಿಗೆ ಮೊದಲು ಮುಗಿಯುವದೋ ಎಂಬದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಸಂಕೋಚಪಡಬಾರದು.

ಮಗುವಿನ ಶಾಲೆಯ ಮಾಸ್ತರರನ್ನೇ ಮನೆಪಾಠಕ್ಕೆ ಒತ್ತಾಯಪಡಿಸುವದು ನಮಗೆ ಸೇರದು. 2009ರ ಶಿಕ್ಷಣದ ಹಕ್ಕಿನ ಕಾಯದೆಯ 28ನೆಯ ಕಲಮು ಶಿಕ್ಷಕರು ಖಾಸಗಿ ಶಿಕವಣಿಯನ್ನು ನಡೆಸಕೂಡದೆಂದು ಹೇಳುತ್ತದೆ. ಕೇಂದ್ರ ಸರಕಾರವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಹದಿನಾರು ವರ್ಷಕ್ಕೆ ಕಡಿಮೆ ವಯಸ್ಸಿನವರನ್ನು ದೊಡ್ಡ ತರಬೇತಿ ಕೇಂದ್ರಗಳು ಸೇರಿಸಿಕೊಳ್ಳಬಾರದೆನ್ನುತ್ತದೆ. ಆದರೆ ಅದು ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳ ಮಾತು. ನಡುಮನೆಯಲ್ಲಿ ಮೂವರು ಮಕ್ಕಳಿಗೆ ಹೇಳುವ ನಿವೃತ್ತರಿಗೆ ಅದರ ಬಾಧೆಯಿಲ್ಲ. ಹಣದ ಮಾತನ್ನು ಮೊದಲನೆಯ ದಿನವೇ ತೀರಿಸಿರಿ. ನಮ್ಮಲ್ಲಿ ಗುರುಗಳ ಮುಂದೆ ಹಣವೆತ್ತಲು ನಾಚಿ, ಹಬ್ಬಕ್ಕೆ ಧೋತರ ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಒಂದು ವಹಿಯನ್ನು ಸರಿಯಾಗಿ ತಿದ್ದಲು ಪಾಠದಷ್ಟೇ ಹೊತ್ತು ಬೇಕಾಗುತ್ತದೆ. ಆ ಹೊತ್ತಿಗೂ ಬೆಲೆ ಕಟ್ಟಿ ಕೊಡುವದು ನ್ಯಾಯ.

ಈಗೀಗ ಇನ್ನೊಂದು ತೊಡಕು ಬಂದಿದೆ. 2022ರ ಕೊನೆಯಿಂದೀಚೆಗೆ ಕೇಳಿದ ವಿಷಯದ ಮೇಲೆ ನಿಮಿಷದೊಳಗೆ ನಿಬಂಧ ಬರೆದುಕೊಡುವ ಯಂತ್ರಗಳು ಮಕ್ಕಳ ಅಂಗೈಗೆ ಬಂದಿವೆ. ಅವುಗಳ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪು ವಿರಳ. ಹತ್ತು ನಿಬಂಧಗಳ ಬಾಯಿಪಾಠದ ವರ್ಗಕ್ಕೂ ಇದಕ್ಕೂ ವೇಗದಲ್ಲಿ ಭೇದವುಂಟೇ ಹೊರತು ಮಗುವಿಗೆ ಆಗುವ ನಷ್ಟದಲ್ಲಿ ಭೇದವಿಲ್ಲ. ನಾವು ಹೇಳಿದ ಬಾಯಿಯವರು ಇದಕ್ಕಾಗಿ ಮೊದಲನೆಯ ಬರಹವನ್ನು ತಮ್ಮ ಎದುರಿಗೇ, ಕಾಗದದ ಮೇಲೆ, ನಲವತ್ತು ನಿಮಿಷದಲ್ಲಿ ಬರೆಯಿಸುತ್ತಾರೆ. ಅದು ಎಷ್ಟು ಒರಟಾಗಿದ್ದರೂ ಚಿಂತೆಯಿಲ್ಲ. ಮನೆಯಿಂದ ತಿದ್ದಿ ತಂದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತಾರೆ.

ಕನ್ನಡದಲ್ಲಿ ಓದಿದ ಮಗುವಿಗೆ ಇಂಗ್ಲಿಷ್ ನಿಬಂಧವು ಬಾರದೆಂಬ ಹೆದರಿಕೆಯು ನಮ್ಮ ಹಳ್ಳಿಗಳ ಮನೆಗಳಲ್ಲಿ ಬಹಳ. ಕನ್ನಡದ ಲಲಿತ ಪ್ರಬಂಧವನ್ನು ಬೆಳೆಸಿದ ಏ. ಎನ್. ಮೂರ್ತಿರಾಯರು ಇಂಗ್ಲಿಷಿನ ಅಧ್ಯಾಪಕರು, ಬಿ. ಎಂ. ಶ್ರೀಕಂಠಯ್ಯನವರೂ ವಿ. ಕೃ. ಗೋಕಾಕರೂ ಇಂಗ್ಲಿಷ್ ಕಲಿಸಿದವರು. ಒಂದು ಭಾಷೆಯಲ್ಲಿ ವಿಚಾರವನ್ನು ಅಡಕಮಾಡಲು ಬಲ್ಲವನ ಕೈ ಇನ್ನೊಂದರಲ್ಲಿ ಬರಿಗೈಯಾಗುವದಿಲ್ಲ. ಮನೆಯಲ್ಲಿ ಇಂಗ್ಲಿಷ್ ಬಾರದ ತಾಯಿತಂದೆಗಳೂ ಈ ಕೆಲಸದಲ್ಲಿ ಕೈಹಾಕಬಹುದು: ಊಟದ ಹೊತ್ತಿಗೆ ಮಗುವು ತಾನು ಬರೆದದ್ದರ ಸಾರವನ್ನು ಕನ್ನಡದಲ್ಲಿ ಹೇಳಲಿ, ಎಲ್ಲಿ ತಮಗೆ ಒಪ್ಪಿಗೆಯಾಗಲಿಲ್ಲವೆಂಬದನ್ನು ಅವರು ಹೇಳಲಿ.

ಕಿರಾಣಿ ಅಂಗಡಿಯ ಆ ತಂದೆಯು ಹಾಗೆಯೇ ಮಾಡಿದನು. ಕಣಕುಂಬಿಯ ರೈತನ ಬಾಯಲ್ಲಿ ಮಗಳು ಇಟ್ಟ ಮಾತನ್ನು ಕೇಳಿ, ರೈತನು ಮಳೆಯ ಮಾತನ್ನು ಮೊದಲು ಆಡುವನು, ಅಡವಿಯ ಮಾತನ್ನು ಆಮೇಲೆ, ಎಂದನಂತೆ. ಮಗಳು ಮರುದಿನ ಎರಡು ಪರಿಚ್ಛೇದಗಳನ್ನು ಹಿಂದುಮುಂದು ಮಾಡಿ ತಂದಳು. ಬಾಯಿಯವರು ಓದಿ, ಇದು ಯಾರ ಸಲಹೆಯೆಂದು ಕೇಳಿದರು. ತಂದೆಯದೆಂದು ತಿಳಿದಾಗ ಆ ತಿಂಗಳ ಶಿಕವಣಿಯ ಹಣದಲ್ಲಿ ಅರ್ಧವನ್ನು ಹಿಂದಕ್ಕೆ ಕಳಿಸಿದರು. ತಂದೆಯು ಅದನ್ನು ತೆಗೆದುಕೊಳ್ಳಲಿಲ್ಲ. ಮುಂದಿನ ವಾರ ಮಗಳ ಕೈಯಲ್ಲಿ ಅವರ ಮನೆಗೆ ಒಂದು ಚೀಲ ಅವಲಕ್ಕಿಯು ಬಂತು. ಹುಡುಗಿಯು ಈಗ ಕಾನೂನು ಶಿಕ್ಷಣದ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ.